ತಾನಾಗಿ ಮಾಯುವ ಹುಣ್ಣು

ರೋಗವೆಂದರೆ ನೋವು, ನೋವು ಹೋಯಿತೆಂದರೆ ರೋಗವೂ ಹೋಯಿತು ಎಂಬ ಎಣಿಕೆ ಮನುಷ್ಯನಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಅದನ್ನು ಸುಳ್ಳುಮಾಡುವ ವ್ಯಾಧಿಯೊಂದು ಎದುರಾದಾಗ ರೋಗಿ ಮಾತ್ರವಲ್ಲ, ಅವನ ವೈದ್ಯನೂ, ಆ ವೈದ್ಯನಿಗೆ ಪಾಠ ಹೇಳಿದ ಶಾಸ್ತ್ರವೂ ತಲೆಮಾರುಗಳ ಕಾಲ ಮೋಸಹೋಗುವುದುಂಟು. ಲೈಂಗಿಕ ಸಂಪರ್ಕದಿಂದ ಹರಡುವ ರೋಗಗಳ ಪೈಕಿ ಸಿಫಿಲಿಸ್ ಅಂಥ ವ್ಯಾಧಿ. ಬ್ಯಾಕ್ಟೀರಿಯ, ವೈರಸ್ಸು, ಪರೋಪಜೀವಿಗಳೆಂಬ ಮೂರು ವರ್ಗಗಳಿಂದ ಒಟ್ಟು 30ಕ್ಕೂ ಮಿಗಿಲಾದ ಜೀವಿಗಳು ಈ ಮಾರ್ಗದಲ್ಲಿ ಸಂಚರಿಸಬಲ್ಲವೆಂದು ಇಂದಿನ ವೈದ್ಯಶಾಸ್ತ್ರ ಲೆಕ್ಕ ಹಾಕಿದೆ. ಅವೆಲ್ಲವನ್ನೂ ಸಾಲಾಗಿ ನಿಲ್ಲಿಸಿ ಒಂದೊಂದರ ಕುಲಗೋತ್ರ ಹೇಳುವುದು ಪಠ್ಯಪುಸ್ತಕದ ಕೆಲಸ. ಈ ಅಧ್ಯಾಯದಲ್ಲಿ ನಾನು ಮುಖ್ಯವಾಗಿ ಒಂದೇ ರೋಗದ ಬೆನ್ನು ಹತ್ತುತ್ತೇನೆ. ಉಳಿದವು ದಾರಿಯಲ್ಲಿ ಸಿಕ್ಕಿದಂತೆ ಬರುತ್ತವೆ. ರೋಗದ ಕಾರಣಕ್ಕೂ ಅದರ ಲಕ್ಷಣಕ್ಕೂ ಇರುವ ಸಂಬಂಧ ಎಷ್ಟು ವಕ್ರವಾಗಿರಬಲ್ಲುದೆಂಬುದನ್ನು ಇದರಷ್ಟು ಸ್ಪಷ್ಟವಾಗಿ ತೋರಿಸಿಕೊಡುವ ವ್ಯಾಧಿ ಮತ್ತೊಂದಿಲ್ಲ.

ಸೋಂಕು ತಗುಲಿದ ಮೇಲೆ 10 ದಿನಗಳಿಂದ 90 ದಿನಗಳೊಳಗೆ, ಸಾಮಾನ್ಯವಾಗಿ ಮೂರು ವಾರಗಳ ಸುಮಾರಿಗೆ, ರೋಗಾಣು ಒಳಹೊಕ್ಕ ಸ್ಥಳದಲ್ಲಿ ಒಂದು ಹುಣ್ಣು ಕಾಣಿಸಿಕೊಳ್ಳುತ್ತದೆ. ಸ್ಥಳವು ಹೆಚ್ಚಾಗಿ ಜನನಾಂಗ. ಕೆಲವೊಮ್ಮೆ ತುಟಿ, ಬಾಯಿಯ ಒಳಭಾಗ, ಗುದದ್ವಾರ. ಹುಣ್ಣಿನ ಅಂಚು ಸ್ಪಷ್ಟವಾಗಿ, ತಳ ನಿರ್ಮಲವಾಗಿ ಇರುತ್ತದೆ. ಬೆರಳಿನಿಂದ ಒತ್ತಿ ನೋಡಿದರೆ ಚರ್ಮದಡಿಯಲ್ಲಿ ಅಂಗಿಯ ಗುಂಡಿಯೊಂದನ್ನು ಹುದುಗಿಸಿಟ್ಟಂತೆ ಗಟ್ಟಿಯಾಗಿ ತಾಗುತ್ತದೆ. ತೊಡೆಯ ಸಂದಿನಲ್ಲಿ ದುಗ್ಧಗ್ರಂಥಿಗಳು ಗಂಟುಗಂಟಾಗಿ ಊದಿಕೊಂಡರೂ ಅವೂ ನೋಯುವುದಿಲ್ಲ. ಈ ಹುಣ್ಣಿನ ಪರಮ ವಂಚನೆಯಿರುವುದು ಇಲ್ಲಿಯೇ: ಅದು ನೋಯುವುದಿಲ್ಲ, ತುರಿಸುವುದಿಲ್ಲ, ಸ್ತ್ರೀಯರಲ್ಲಿ ಗರ್ಭಕಂಠದ ಮೇಲೆ ಅಥವಾ ಯೋನಿಯ ಒಳಗೋಡೆಯಲ್ಲಿ ಎದ್ದರೆ ಅದು ಇದ್ದುದೇ ಗೊತ್ತಾಗುವುದಿಲ್ಲ, ಗೊತ್ತಾದವರು ನಾಚಿಕೆಯಿಂದ ಯಾರಿಗೂ ಹೇಳದೆ, ಏನೂ ಮದ್ದು ಮಾಡದೆ ಸುಮ್ಮನಿದ್ದರೂ, ಮೂರರಿಂದ ಆರು ವಾರಗಳಲ್ಲಿ ತಾನಾಗಿಯೇ ಮಾಯುತ್ತದೆ. ಬಚಾವಾದೆನೆಂದು ಮನುಷ್ಯನು ನಿಟ್ಟುಸಿರು ಬಿಡುವ ಆ ಹೊತ್ತಿಗೆ ರೋಗಾಣುಗಳು ರಕ್ತದ ಮೂಲಕ ಅವನ ಸರ್ವಾಂಗವನ್ನೂ ವ್ಯಾಪಿಸಿ ಬಹಳ ದಿನಗಳಾಗಿರುತ್ತವೆ.

ತಾನಾಗಿ ಮಾಯುವ ಹುಣ್ಣಿಗೆ ಯಾವ ಔಷಧವನ್ನು ಕೊಟ್ಟರೂ ಅದು ಸಿದ್ಧೌಷಧವಾಗಿ ತೋರುತ್ತದೆ. ಈ ರೋಗದ ಚಿಕಿತ್ಸೆಯ ಇತಿಹಾಸದಲ್ಲಿ ಮೊದಲ ನಾನೂರು ವರ್ಷಗಳಿಗೆ ಈ ಒಂದು ವಾಕ್ಯವೇ ವ್ಯಾಖ್ಯಾನವೆಂದರೆ ಅತಿಶಯವಾಗಲಾರದು. 1495ರಲ್ಲಿ ಫ್ರಾನ್ಸಿನ ದೊರೆ ಎಂಟನೆಯ ಚಾರ್ಲ್ಸನು ಇಟಲಿಯ ನೇಪಲ್ಸ್ ನಗರವನ್ನು ಹಿಡಿದಾಗ ಅವನ ಸೇನೆಯಲ್ಲಿ ಭೀಕರವಾದ ಹುಣ್ಣುಗಳ ವ್ಯಾಧಿಯೊಂದು ಕಾಣಿಸಿಕೊಂಡಿತು. ಆ ಸೇನೆಯಲ್ಲಿ ನಾನಾ ದೇಶಗಳ ಕೂಲಿ ಸೈನಿಕರಿದ್ದುದರಿಂದ, ಯುದ್ಧ ಮುಗಿದು ಅವರು ಊರುಗಳಿಗೆ ಮರಳಿದ ಕೆಲವೇ ವರ್ಷಗಳಲ್ಲಿ ಅದು ಯೂರೋಪಿನಾದ್ಯಂತ ಹರಡಿಹೋಯಿತು. 1498ರಲ್ಲಿ ವಾಸ್ಕೋ ಡ ಗಾಮನ ಹಡಗುಗಳು ಕಲ್ಲಿಕೋಟೆಗೆ ಬಂದ ಮೇಲೆ ನಮ್ಮ ಕರಾವಳಿಗೂ ಅದು ಕಾಲಿಟ್ಟಿತು. ಚರಕ ಸುಶ್ರುತರ ಕಾಲಕ್ಕೆ ಸಲ್ಲದ ಈ ಹೊಸ ವ್ಯಾಧಿಯನ್ನು 16ನೆಯ ಶತಮಾನದ ಭಾವಮಿಶ್ರನು ತನ್ನ ಭಾವಪ್ರಕಾಶದಲ್ಲಿ ಫಿರಂಗ ರೋಗವೆಂದು ವರ್ಣಿಸಿ, ಅದಕ್ಕೆ ಪಾದರಸದ ಯೋಗಗಳನ್ನೂ ದ್ವೀಪಾಂತರ ವಚೆಯೆಂಬ ಬೇರನ್ನೂ ವಿಧಿಸಿದನು. ಆ ಬೇರೇ ನಮ್ಮ ಗ್ರಂಧಿಗೆ ಅಂಗಡಿಗಳ ಪರಂಗಿಚಕ್ಕೆ. ಚೀನದಿಂದ ಬರುತ್ತಿದ್ದ ಈ ಬೇರಿನ ವಿಷಯವನ್ನು ಗೋವೆಯಲ್ಲಿ ನೆಲೆಸಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯ ಡ ಓರ್ಟನೂ 1563ರಲ್ಲಿ ಅಲ್ಲಿಯೇ ಅಚ್ಚಾದ ತನ್ನ ಗ್ರಂಥದಲ್ಲಿ ಚರ್ಚಿಸಿದ್ದಾನೆ.

ಯೂರೋಪಿನಲ್ಲಿಯಾದರೋ ಪಾದರಸದ ಲೇಪ, ಪಾದರಸದ ಧೂಪಗಳು ನಡೆದುವು. ರೋಗಿಯ ಒಸಡು ಕೊಳೆತು, ಹಲ್ಲು ಅಲುಗಾಡಿ, ಜೊಲ್ಲು ಧಾರೆಗಟ್ಟಿ ಸುರಿದರೆ ಅದನ್ನು ವಿಷದ ಲಕ್ಷಣವೆನ್ನುವುದರ ಬದಲು ರೋಗ ಹೊರಬೀಳುತ್ತಿದೆಯೆಂದು ವೈದ್ಯರು ಸಂತೋಷಪಟ್ಟರು. ಈ ಯಾತನೆಯನ್ನು ಹಲವು ಬಾರಿ ಅನುಭವಿಸಿದ ಜರ್ಮನ್ ವಿದ್ವಾಂಸ ಉಲ್ರಿಚ್ ಫಾನ್ ಹುಟ್ಟನ್ ಎಂಬಾತನು ಕೊನೆಗೆ ವೆಸ್ಟ್ ಇಂಡೀಸಿನಿಂದ ಬಂದ ಗ್ವಾಯಕಂ ಎಂಬ ಮರದ ಕಷಾಯವನ್ನು ಕುಡಿದು, ತನಗೆ ಪೂರ್ಣ ಗುಣವಾಯಿತೆಂದು ಸಾರಿ 1519ರಲ್ಲಿ ಒಂದು ಪುಸ್ತಕವನ್ನೇ ಬರೆದನು. ಪುಸ್ತಕಕ್ಕೆ ಬಹಳ ಪ್ರಸಿದ್ಧಿ ಬಂತು. ಮರಕ್ಕೆ ಬೆಲೆ ಏರಿತು. 1523ರಲ್ಲಿ, ಇನ್ನೂ ಮೂವತ್ತೈದು ವರ್ಷದವನಾಗಿದ್ದಾಗಲೇ, ಹುಟ್ಟನ್ ಅದೇ ರೋಗದಿಂದ ಸತ್ತನು. ಅವನು ಸುಳ್ಳು ಹೇಳಿದನೆಂದು ನಾನು ಭಾವಿಸುವುದಿಲ್ಲ. ಹುಣ್ಣು ಮಾಯ್ದುದು ನಿಜ, ಕಷಾಯ ಕುಡಿದುದೂ ನಿಜ. ಎರಡರ ನಡುವೆ ಅವನು ಕಟ್ಟಿದ ಸೇತುವೆ ಮಾತ್ರ ಮಿಥ್ಯೆ. ನಮ್ಮ ಬಸ್ ನಿಲ್ದಾಣಗಳ ಗೋಡೆಯ ಮೇಲೆ ಗುಪ್ತರೋಗಗಳಿಗೆ ಖಚಿತ ಪರಿಹಾರವೆಂದು ಬರೆಯಿಸುವವರ ವ್ಯಾಪಾರವು ಇಂದಿಗೂ ನಡೆಯುತ್ತಿರುವುದು ಇಂಥದೇ ಸೇತುವೆಯ ಮೇಲೆ. ಆದರೆ ಹುಟ್ಟನ್ನನಿಗೆ ಸಲ್ಲುವ ಕ್ಷಮೆ ಅವರಿಗೆ ಸಲ್ಲದು.

ಲಕ್ಷಣಗಳನ್ನು ಮಾತ್ರ ನೋಡಿ ರೋಗದ ಸ್ವರೂಪವನ್ನು ನಿರ್ಣಯಿಸಹೊರಟುದರಿಂದ ಮತ್ತೊಂದು ಗೊಂದಲವೂ ಹುಟ್ಟಿತು. ಹಿಂದಿನವರು ಪೂಯಮೇಹವೆನ್ನುತ್ತಿದ್ದ ಗೊನೋರಿಯಾದಲ್ಲಿ ಪುರುಷನಿಗೆ ಸೋಂಕಾದ ಎರಡರಿಂದ ಏಳು ದಿನಗಳಲ್ಲಿ ಮೂತ್ರ ಮಾಡುವಾಗ ಉರಿ, ಮೂತ್ರನಾಳದಿಂದ ಹಳದಿಬಣ್ಣದ ಕೀವು ಕಾಣಿಸಿಕೊಳ್ಳುತ್ತವೆ, ಹುಣ್ಣಿಲ್ಲ. ಎರಡೂ ಒಂದೇ ಬಗೆಯ ಸಂಪರ್ಕದಿಂದ ಬರುವುದರಿಂದಲೂ, ಒಬ್ಬನಲ್ಲಿಯೇ ಎರಡೂ ಕೂಡಿರುವುದು ಸಾಮಾನ್ಯವಾದುದರಿಂದಲೂ, ಇವು ಒಂದೇ ವಿಷದ ಎರಡು ಮುಖಗಳೆಂದು ಬಹು ಮಂದಿ ನಂಬಿದ್ದರು. ಲಂಡನ್ನಿನ ಮಹಾ ಶಸ್ತ್ರವೈದ್ಯ ಜಾನ್ ಹಂಟರನು 1767ರಲ್ಲಿ ಗೊನೋರಿಯಾ ರೋಗಿಯ ಕೀವನ್ನು ಆರೋಗ್ಯವಂತನೊಬ್ಬನ ಅಂಗಕ್ಕೆ ಚುಚ್ಚಿ ಪರೀಕ್ಷಿಸಿದನು. ಆ ಆರೋಗ್ಯವಂತನು ಹಂಟರನೇ ಎಂದು ಕೆಲವು ಚರಿತ್ರಕಾರರೂ, ಅಲ್ಲವೆಂದು ಕೆಲವರೂ ವಾದಿಸುತ್ತಾರೆ. ಚುಚ್ಚಿದಲ್ಲಿ ಸಿಫಿಲಿಸಿನ ಹುಣ್ಣೆದ್ದಿತು. ಎರಡೂ ಒಂದೇ ರೋಗವೆಂಬುದು ಸಿದ್ಧವಾಯಿತೆಂದು ಅವನು ನಿಶ್ಚಯಿಸಿದನು. ಕೀವು ಕೊಟ್ಟ ರೋಗಿಯಲ್ಲಿ ಕಣ್ಣಿಗೆ ಕಾಣದಂತೆ ಸಿಫಿಲಿಸೂ ಇದ್ದಿರಬೇಕೆಂಬ ಸರಳವಾದ ಊಹೆ ಅವನಿಗೆ ಹೊಳೆಯಲಿಲ್ಲ. ಹೊಳೆಯಲು ಆ ಕಾಲದಲ್ಲಿ ಆಧಾರವೂ ಇರಲಿಲ್ಲ. ಹಂಟರನ ಹೆಸರಿನ ಭಾರಕ್ಕೆ ಆ ತಪ್ಪು ಅರ್ಧ ಶತಮಾನ ಊರ್ಜಿತವಾಗಿ ನಿಂತಿತು. ಪ್ಯಾರಿಸ್ಸಿನ ಫಿಲಿಪ್ ರಿಕೋರ್ಡನು 2,500ಕ್ಕೂ ಮಿಗಿಲಾದ ಚುಚ್ಚುಪರೀಕ್ಷೆಗಳನ್ನು ನಡೆಸಿ 1838ರಲ್ಲಿ ಎರಡನ್ನೂ ಬೇರ್ಪಡಿಸಿದನು. ಸಿಫಿಲಿಸಿಗೆ ಮೂರು ಘಟ್ಟಗಳುಂಟೆಂಬ ವಿಂಗಡಣೆಯೂ ಅವನದೇ. 1879ರಲ್ಲಿ ಆಲ್ಬರ್ಟ್ ನೈಸರನು ಗೊನೋರಿಯಾದ ಕೀವಿನಲ್ಲಿ ಜೋಡಿಜೋಡಿಯಾಗಿ ಕುಳಿತ ಗುಂಡಾದ ಬ್ಯಾಕ್ಟೀರಿಯವನ್ನು ಕಂಡ ಮೇಲೆ ವಿವಾದ ಮುಗಿಯಿತು.

ಸಿಫಿಲಿಸಿನ ರೋಗಾಣು ಮಾತ್ರ ಇನ್ನೂ ಇಪ್ಪತ್ತಾರು ವರ್ಷ ಅಡಗಿಯೇ ಉಳಿಯಿತು. 1905ರ ಮಾರ್ಚ್ ತಿಂಗಳಿನಲ್ಲಿ ಬರ್ಲಿನ್ನಿನಲ್ಲಿ ಪ್ರಾಣಿಶಾಸ್ತ್ರಜ್ಞ ಫ್ರಿಟ್ಸ್ ಶೌಡಿನ್ನನೂ ಚರ್ಮವೈದ್ಯ ಎರಿಕ್ ಹಾಫ್‌ಮನ್ನನೂ ಕೂಡಿ ರೋಗಿಯೊಬ್ಬಳ ವ್ರಣದ ರಸವನ್ನು ಸೂಕ್ಷ್ಮದರ್ಶಕದಡಿಯಲ್ಲಿ ಪರೀಕ್ಷಿಸುತ್ತಿದ್ದಾಗ, ಬಣ್ಣವನ್ನು ಬಹಳ ಅಲ್ಪವಾಗಿ ಹೀರುವ, ಕಂಡೂ ಕಾಣದಂಥ, ಸುರುಳಿಸುರುಳಿಯಾಗಿ ತಿರುಚಿಕೊಂಡು ಚಲಿಸುವ ಜೀವಿಯೊಂದು ಶೌಡಿನ್ನನ ತೀಕ್ಷ್ಣವಾದ ಕಣ್ಣಿಗೆ ಬಿತ್ತು. ಅದರ ಇಂದಿನ ಹೆಸರು ಟ್ರೆಪೊನಿಮಾ ಪ್ಯಾಲಿಡಮ್. ಉದ್ದ 6ರಿಂದ 15 ಮೈಕ್ರಾನ್ ಇದ್ದರೂ ದಪ್ಪ ಮೈಕ್ರಾನಿನ ಐದನೆಯ ಒಂದು ಭಾಗವನ್ನು ಮೀರದು. ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಅದು ಸಿಕ್ಕದಿದ್ದುದು ಇದರಿಂದಲೇ. ಕತ್ತಲೆಯ ಹಿನ್ನೆಲೆಯಲ್ಲಿ ಓರೆ ಬೆಳಕು ಹಾಯಿಸಿ ನೋಡುವ ವಿಧಾನ ಮರುವರ್ಷ ಬಳಕೆಗೆ ಬಂದಾಗ ಅದು ಬೆಳ್ಳಗೆ ಹೊಳೆಯುತ್ತ ಎಲ್ಲರಿಗೂ ಕಾಣಿಸಿತು. ಆ ಮರುವರ್ಷವೇ ಶೌಡಿನ್ನನು 34ರ ಹರೆಯದಲ್ಲಿ ತೀರಿಕೊಂಡನು. 1905ರಲ್ಲಿಯೇ ನಮ್ಮ ಮದರಾಸಿನ ಜನರಲ್ ಆಸ್ಪತ್ರೆಯಲ್ಲಿ ಚಾರ್ಲ್ಸ್ ಡೊನೊವನ್ ಎಂಬ ವೈದ್ಯನು ಮತ್ತೊಂದು ಬಗೆಯ ನೋವಿಲ್ಲದ, ಕೆಂಪು ಮಾಂಸದಂತೆ ಉಬ್ಬಿ ಸುಲಭವಾಗಿ ರಕ್ತ ಒಸರುವ ಗುಹ್ಯವ್ರಣದ ಕಾರಣವನ್ನು ಪತ್ತೆಮಾಡಿದನು. ಕಾಲಾ ಅಜಾರಿನ ರೋಗಾಣುವಿಗೆ ಹೆಸರು ಕೊಟ್ಟ ಇಬ್ಬರಲ್ಲಿ ಒಬ್ಬನಾದ ಅದೇ ಡೊನೊವನ್. ಆ ವ್ರಣಕ್ಕೆ ಡೊನೊವನೋಸಿಸ್ ಎಂದೇ ಹೆಸರಾಗಿದೆ.

ಟ್ರೆಪೊನಿಮಾದ ಬಾಳುವೆಯನ್ನು ಅರಿತರೆ ರೋಗದ ಲಕ್ಷಣಗಳು ಹಾಗೇಕೆ ಬಂದು ಹೋಗುತ್ತವೆಂಬುದರ ಗುಟ್ಟು ಬಿಚ್ಚಿಕೊಳ್ಳುತ್ತದೆ. ಕರುಳಿನಲ್ಲಿ ಬದುಕುವ ಸಾಮಾನ್ಯ ಬ್ಯಾಕ್ಟೀರಿಯಗಳು ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಸಬಲ್ಲವಾದರೆ ಇದು ಇಮ್ಮಡಿಸಲು 30 ಗಂಟೆಗೂ ಹೆಚ್ಚು ಕಾಲ ಹಿಡಿಯುತ್ತದೆ. ತನಗೆ ಬೇಕಾದ ಪೋಷಕ ದ್ರವ್ಯಗಳಲ್ಲಿ ಹೆಚ್ಚಿನವನ್ನು ತಾನು ತಯಾರಿಸಿಕೊಳ್ಳಲಾರದೆ ಆತಿಥೇಯನಿಂದಲೇ ಪಡೆಯುವ ಈ ಜೀವಿಯನ್ನು ದೇಹದಿಂದ ಹೊರಗೆ ಗಾಜಿನ ಪಾತ್ರೆಯಲ್ಲಿ ನಿರಂತರವಾಗಿ ಬೆಳೆಸುವುದು ಸಾಧ್ಯವಾದುದು 2018ರಲ್ಲಿ, ಅದೂ ಮೊಲದ ಜೀವಕೋಶಗಳ ಸಾಹಚರ್ಯದಲ್ಲಿ. ಅಲ್ಲಿಯವರೆಗೆ ಪ್ರಯೋಗಶಾಲೆಗಳು ಅದನ್ನು ಮೊಲಗಳ ಮೈಯಲ್ಲಿಯೇ ಉಳಿಸಿಕೊಂಡು ಬಂದಿದ್ದುವು. ನಮ್ಮ ರಕ್ಷಣಾವ್ಯವಸ್ಥೆ ಶತ್ರುವನ್ನು ಗುರುತಿಸುವುದು ಸಾಮಾನ್ಯವಾಗಿ ಅದರ ಮೈಮೇಲಣ ಪ್ರೋಟೀನುಗಳಿಂದ. ಟ್ರೆಪೊನಿಮಾದ ಹೊರಪೊರೆಯಲ್ಲಿ ಅಂಥ ಪ್ರೋಟೀನುಗಳು ಅತಿ ವಿರಳ, ಇರುವವುಗಳಲ್ಲಿಯೂ ಕೆಲವು ಕಾಲಕಾಲಕ್ಕೆ ರೂಪ ಬದಲಿಸುತ್ತವೆ. ಅದು ವಿಷವನ್ನು ಸುರಿಸುವುದಿಲ್ಲ. ಹುಣ್ಣಿನಲ್ಲಿ ಕಾಣುವ ಕ್ಷತಿಯ ಬಹುಭಾಗ ರೋಗಾಣುವಿನದಲ್ಲ, ಅದನ್ನು ಎದುರಿಸಲು ಮುತ್ತಿಗೆ ಹಾಕಿದ ನಮ್ಮವೇ ರಕ್ಷಕಕೋಶಗಳದು. ಆ ಕೋಶಗಳು ಆ ಸ್ಥಳದಲ್ಲಿ ಗೆಲ್ಲುತ್ತವೆ, ಹುಣ್ಣು ಮಾಯುತ್ತದೆ; ಬೇರೆಡೆಗೆ ಸರಿದು ಕುಳಿತವುಗಳ ಸುಳಿವು ಅವಕ್ಕೆ ಹತ್ತುವುದಿಲ್ಲ.

ಹುಣ್ಣು ಮಾಯ್ದ ಕೆಲವು ವಾರಗಳಿಗೆ, ಕೆಲವೊಮ್ಮೆ ಅದು ಇನ್ನೂ ಇರುವಾಗಲೇ, ಎರಡನೆಯ ಘಟ್ಟ ತೊಡಗುತ್ತದೆ. ಮೈಮೇಲೆ ತಾಮ್ರವರ್ಣದ ಗಂಧೆಗಳೇಳುತ್ತವೆ, ಬಹುತೇಕ ತುರಿಕೆಯಿಲ್ಲ. ಅಂಗೈ ಅಂಗಾಲುಗಳಲ್ಲಿ ಗಂಧೆ ಏಳುವ ರೋಗಗಳು ಬಹಳವಿಲ್ಲವಾದುದರಿಂದ ಅನುಭವಿಯಾದ ವೈದ್ಯನು ಅಲ್ಲಿ ಕಂಡ ಕೂಡಲೇ ಕಿವಿ ನಿಮಿರಿಸಬೇಕು. ಇದರೊಡನೆ ಸಣ್ಣ ಜ್ವರ, ಗಂಟಲುನೋವು, ಮೈಯೆಲ್ಲ ಊದಿದ ದುಗ್ಧಗ್ರಂಥಿಗಳು, ಬಾಯಿಯಲ್ಲಿ ಬೂದುಬಣ್ಣದ ಮಚ್ಚೆಗಳು, ತೇವವಾದ ಸಂದುಗಳಲ್ಲಿ ಚಪ್ಪಟೆಯಾದ ಉಬ್ಬುಗಳು, ತಲೆಯ ಕೂದಲು ಅಲ್ಲಲ್ಲಿ ತೇಪೆತೇಪೆಯಾಗಿ ಉದುರುವುದು—ಇವುಗಳಲ್ಲಿ ಒಂದೋ ಎರಡೋ ಇರಬಹುದು, ಎಲ್ಲವೂ ಇರಬಹುದು. ಈ ಉಬ್ಬುಗಳ ಹಾಗೂ ಮಚ್ಚೆಗಳ ರಸದಲ್ಲಿ ರೋಗಾಣುಗಳು ಕಿಕ್ಕಿರಿದಿರುತ್ತವೆ. ಸೋಂಕು ಅತ್ಯಂತ ಸುಲಭವಾಗಿ ದಾಟುವ ಕಾಲಗಳಲ್ಲಿ ಇದೂ ಒಂದು. ವೈರಲ್ ಜ್ವರ, ಔಷಧದ ಅಲರ್ಜಿ, ಸೋರಿಯಾಸಿಸ್ ಮುಂತಾಗಿ ಅನೇಕ ವೇಷಗಳನ್ನು ತಾಳಬಲ್ಲುದರಿಂದ ಹಳೆಯ ವೈದ್ಯಗುರುಗಳು ಈ ರೋಗವನ್ನು ಮಹಾ ಅನುಕರಣಕಾರನೆಂದು ಕರೆದರು. ಮೊದಲ ಹುಣ್ಣಿನಂತೆಯೇ ಇವೂ ಯಾವ ಚಿಕಿತ್ಸೆಯೂ ಇಲ್ಲದೆ ಅಡಗುತ್ತವೆ.

ಆಮೇಲಿನದು ಗುಪ್ತಾವಸ್ಥೆ. ವರ್ಷಗಟ್ಟಲೆ, ಕೆಲವರಿಗೆ ಜೀವಮಾನವಿಡೀ, ಹೊರಗೆ ಏನೂ ಇಲ್ಲ. ರಕ್ತ ಮಾತ್ರ ಸಾಕ್ಷಿ. ಹಾಗೆ ಬಿಟ್ಟರೆ ಮುಂದೇನಾಗುವುದೆಂಬುದನ್ನು ತಿಳಿಯಲು ಶಾಸ್ತ್ರಕ್ಕೆ ಒಂದು ವಿಚಿತ್ರವಾದ ಅವಕಾಶ ನಾರ್ವೆಯಲ್ಲಿ ಒದಗಿತ್ತು. ಓಸ್ಲೋ ನಗರದ ವೈದ್ಯ ಸೀಸರ್ ಬೋಕನು ಪಾದರಸವು ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತದೆಂದು ಮನಗಂಡು, 1891ರಿಂದ 1910ರವರೆಗೆ ಸುಮಾರು 2,000 ರೋಗಿಗಳನ್ನು, ಹುಣ್ಣುಗಂಧೆಗಳು ಅಡಗುವವರೆಗೆ ಆಸ್ಪತ್ರೆಯಲ್ಲಿಟ್ಟುಕೊಂಡು, ಔಷಧ ಕೊಡದೆ ಕಳುಹಿಸಿದನು. ಆಗ ಒಳ್ಳೆಯ ಔಷಧವೇ ಇರಲಿಲ್ಲವಾದುದರಿಂದ ಅದು ಕ್ರೌರ್ಯವಲ್ಲ. ಮುಂದಿನ ದಶಕಗಳಲ್ಲಿ ಆ ರೋಗಿಗಳ ಜಾಡು ಹಿಡಿದವರು ಕಂಡುಕೊಂಡುದು ಇದು: ಸುಮಾರು ಕಾಲುಭಾಗದವರಿಗೆ ಎರಡನೆಯ ಘಟ್ಟದ ಗಂಧೆಗಳು ಮರುಕಳಿಸಿದುವು, ನಾಲ್ಕರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಮಂದಿಗೆ ಮೂರನೆಯ ಘಟ್ಟದ ಉಪದ್ರವಗಳು ಬಂದುವು, ಉಳಿದ ಹೆಚ್ಚಿನವರು ಯಾವ ಕಾಟವೂ ಇಲ್ಲದೆ ಆಯುಸ್ಸು ಮುಗಿಸಿದರು. ಗುಣವಾಯಿತೆಂಬ ಭ್ರಮೆಗೆ ಇದಕ್ಕಿಂತ ಹೆಚ್ಚಿನ ಪುಷ್ಟಿ ಬೇಕೆ? ಮೂವರಲ್ಲಿ ಇಬ್ಬರು ಯಾವ ನಾಟಿ ಔಷಧಕ್ಕಾದರೂ ಪ್ರಾಮಾಣಿಕವಾಗಿಯೇ ಸಾಕ್ಷಿ ನುಡಿಯಬಲ್ಲರು.

ಮೂರನೆಯ ಘಟ್ಟದ ಉಪದ್ರವಗಳು ಹತ್ತು, ಇಪ್ಪತ್ತು, ಮೂವತ್ತು ವರ್ಷಗಳ ಅನಂತರ ಬರುತ್ತವೆ. ಚರ್ಮ, ಮೂಳೆ, ಮೂಗಿನ ನಡುಗೋಡೆಗಳನ್ನು ಗಡ್ಡೆಗಳು ತಿಂದುಹಾಕುವುದೊಂದು. ಹೃದಯದಿಂದ ಹೊರಡುವ ಮಹಾಪಧಮನಿಯ ಭಿತ್ತಿ ಶಿಥಿಲವಾಗಿ ಉಬ್ಬಿ ಒಡೆಯುವುದೊಂದು. ಬೆನ್ನುಹುರಿ ಸವೆದು ಕಾಲುಗಳ ಸ್ಥಾನಪ್ರಜ್ಞೆ ತಪ್ಪಿ, ಕತ್ತಲಲ್ಲಿ ನಿಲ್ಲಲಾರದೆ, ನೆಲವನ್ನು ಬಡಿಬಡಿದು ನಡೆಯುವುದೊಂದು. ಎಲ್ಲಕ್ಕಿಂತ ದಾರುಣವಾದುದು ಮಿದುಳಿನ ಕ್ಷಯ: ನೆಟ್ಟಗೆ ಸಂಸಾರ ನಡೆಸಿಕೊಂಡಿದ್ದ ನಡುವಯಸ್ಸಿನ ಮನುಷ್ಯನು ಇದ್ದಕ್ಕಿದ್ದಂತೆ ತಾನು ಚಕ್ರವರ್ತಿಯೆಂದು ಹೇಳಿಕೊಳ್ಳತೊಡಗಿ, ಹಣವನ್ನು ಚೆಲ್ಲಾಡಿ, ನಾಲಗೆ ತೊದಲಿ, ಬುದ್ಧಿ ಅಳಿದು, ಕೆಲವೇ ವರ್ಷಗಳಲ್ಲಿ ಪಾರ್ಶ್ವವಾಯು ಹೊಡೆದವನಂತೆ ಬಿದ್ದು ಸಾಯುತ್ತಿದ್ದನು. ಹತ್ತೊಂಬತ್ತನೆಯ ಶತಮಾನದ ಯೂರೋಪಿನ ಹುಚ್ಚಾಸ್ಪತ್ರೆಗಳಲ್ಲಿ ಇಂಥವರು ತುಂಬಿದ್ದರು. ಅವರ ಹುಚ್ಚಿಗೂ ಯೌವನದಲ್ಲಿ ಮಾಯ್ದುಹೋದ ಒಂದು ಸಣ್ಣ ಹುಣ್ಣಿಗೂ ಸಂಬಂಧವುಂಟೆಂಬುದು ನಿಸ್ಸಂದೇಹವಾಗಿ ಸ್ಥಾಪಿತವಾದುದು 1913ರಲ್ಲಿ, ಜಪಾನೀ ವಿಜ್ಞಾನಿ ಹಿದೆಯೋ ನೊಗುಚಿ ತನ್ನ ಸಹೋದ್ಯೋಗಿ ಮೂರ್‌ನೊಡನೆ ಸತ್ತ ರೋಗಿಗಳ ಮಿದುಳಿನಲ್ಲಿ ಟ್ರೆಪೊನಿಮಾವನ್ನು ತೋರಿಸಿಕೊಟ್ಟಾಗ. ನರಮಂಡಲವನ್ನೂ ಕಣ್ಣನ್ನೂ ಕಿವಿಯನ್ನೂ ಈ ರೋಗಾಣು ಮೊದಲ ಘಟ್ಟಗಳಲ್ಲಿಯೇ ಮುಟ್ಟಬಲ್ಲುದೆಂಬುದನ್ನು ಇಂದಿನ ವೈದ್ಯರು ಒತ್ತಿ ಹೇಳುತ್ತಾರೆ. ಗರ್ಭಿಣಿಯಲ್ಲಿ ಅದು ಮಾಸನ್ನು ದಾಟಿ ಶಿಶುವನ್ನು ಸೇರುತ್ತದೆ. ಗರ್ಭಪಾತ, ಸತ್ತ ಶಿಶುವಿನ ಜನನ, ಮುಂದೆ ಕಿವುಡು, ಕಣ್ಣಿನ ಮಬ್ಬು, ಗೂಟದಂತೆ ಮೊನಚಾದ ಕಚ್ಚುಬಿದ್ದ ಮುಂಬಲ್ಲುಗಳು ಅದರ ಫಲ. ಸೋಂಕು ಹೊತ್ತ ಶಿಶು ಹುಟ್ಟಿದಾಗ ನೋಡಲು ಪೂರ್ಣ ಆರೋಗ್ಯವಾಗಿಯೇ ಇರಬಹುದು.

ಓಸ್ಲೋ ನಗರದ ವಿಷಯ ಹೇಳಿದ ಮೇಲೆ ಅಮೆರಿಕದ ಟಸ್ಕೀಗೀಯ ವಿಷಯವನ್ನು ಹೇಳದೆ ಬಿಡುವಂತಿಲ್ಲ. 1932ರಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆಯು ಅಲಬಾಮ ರಾಜ್ಯದ ಮೇಕನ್ ಕೌಂಟಿಯ ಬಡ ಕರಿಯ ಬೇಸಾಯಗಾರರಲ್ಲಿ ಗುಪ್ತಾವಸ್ಥೆಯ ಸಿಫಿಲಿಸ್ ಇದ್ದ 399 ಗಂಡಸರನ್ನೂ ಇಲ್ಲದ 201 ಮಂದಿಯನ್ನೂ ಆರಿಸಿಕೊಂಡು, ಚಿಕಿತ್ಸೆಯಿಲ್ಲದೆ ರೋಗ ಹೇಗೆ ನಡೆಯುವುದೆಂದು ನೋಡತೊಡಗಿತು. ಅವರಿಗೆ ರೋಗದ ಹೆಸರನ್ನು ಹೇಳಲಿಲ್ಲ; ನಿಮ್ಮ ರಕ್ತ ಕೆಟ್ಟಿದೆ ಎಂದಷ್ಟೇ ಹೇಳಿದರು. ಬೆನ್ನುಹುರಿಯಿಂದ ನೀರು ತೆಗೆಯುವ ನೋವಿನ ಪರೀಕ್ಷೆಯನ್ನು ಉಚಿತವಾದ ವಿಶೇಷ ಚಿಕಿತ್ಸೆಯೆಂದು ನಂಬಿಸಿದರು. ಶವಪರೀಕ್ಷೆಗೆ ಒಪ್ಪಿದರೆ ಅಂತ್ಯಕ್ರಿಯೆಯ ಖರ್ಚು ಕೊಡುವುದಾಗಿ ಆಸೆ ತೋರಿಸಿದರು. 1940ರ ದಶಕ ಮುಗಿಯುವ ಮುನ್ನವೇ ಪೆನಿಸಿಲಿನ್ ಈ ರೋಗಕ್ಕೆ ರಾಮಬಾಣವೆಂದು ಜಗತ್ತಿಗೆಲ್ಲ ತಿಳಿದುಹೋಗಿತ್ತು. ಆದರೂ ಅವರಿಗೆ ಅದನ್ನು ಕೊಡಲಿಲ್ಲ, ಬೇರೆಡೆ ಸಿಕ್ಕದಂತೆಯೂ ನೋಡಿಕೊಂಡರು. ಇಲಾಖೆಯಲ್ಲಿ ಕೆಲಸಮಾಡಿದ್ದ ಪೀಟರ್ ಬಕ್ಸ್‌ಟನ್ ಎಂಬಾತನು ವರ್ಷಗಳ ಕಾಲ ಆಕ್ಷೇಪಿಸಿ ಸೋತು, ಕಡೆಗೆ ಪತ್ರಿಕೆಯವರಿಗೆ ತಿಳಿಸಿದ ಮೇಲೆ, 1972ರ ಜುಲೈ ತಿಂಗಳಿನಲ್ಲಿ ಸುದ್ದಿ ಹೊರಬಿದ್ದು ಪ್ರಯೋಗ ನಿಂತಿತು. ಆ ವೇಳೆಗೆ ನಲವತ್ತು ವರ್ಷ ಕಳೆದಿದ್ದುವು, ಹಲವರು ಸತ್ತಿದ್ದರು, ಹೆಂಡಿರಿಗೂ ಮಕ್ಕಳಿಗೂ ರೋಗ ದಾಟಿತ್ತು. 1997ರಲ್ಲಿ ಅಧ್ಯಕ್ಷ ಕ್ಲಿಂಟನ್ ಬದುಕಿ ಉಳಿದವರ ಕ್ಷಮೆ ಕೇಳಿದನು. ರೋಗ ಕಣ್ಣಿಗೆ ಕಾಣದೆ ಒಳಗೇ ಇರುತ್ತಿದ್ದುದೇ ಈ ದ್ರೋಹ ಇಷ್ಟು ಕಾಲ ನಡೆಯಲು ಅನುಕೂಲವಾಯಿತೆಂದು ನನಗೆ ತೋರುತ್ತದೆ: ನೋವಿನಿಂದ ಕೂಗುವವನ ಎದುರಿನಲ್ಲಿ ನಲವತ್ತು ವರ್ಷ ಕೈಕಟ್ಟಿ ಕುಳಿತಿರುವುದು ಎಂಥ ಕಲ್ಲೆದೆಯ ಅಧಿಕಾರಿಗೂ ಕಷ್ಟ.

ಕಣ್ಣಿಗೆ ಕಾಣದುದನ್ನು ಕಾಣಿಸುವ ಉಪಾಯವನ್ನು ಆಗಸ್ಟ್ ವಾಸರ್‌ಮನ್ ತನ್ನ ಸಂಗಡಿಗರೊಡನೆ 1906ರಲ್ಲಿಯೇ ಕಂಡುಹಿಡಿದಿದ್ದನು. ರೋಗಿಯ ರಕ್ತದಲ್ಲಿ ರೋಗಾಣುವಿನ ವಿರುದ್ಧ ಹುಟ್ಟಿದ ಪ್ರತಿಕಾಯಗಳನ್ನು ಹುಡುಕುವುದು ಅವನ ಉದ್ದೇಶ. ಅದಕ್ಕಾಗಿ ಈ ರೋಗದಿಂದ ಸತ್ತ ಶಿಶುವಿನ ಯಕೃತ್ತಿನ ಸತ್ತ್ವವನ್ನು ಬಳಸಿದನು. ಕೆಲವೇ ಕಾಲದಲ್ಲಿ ಬೆರಗುಗೊಳಿಸುವ ಸಂಗತಿಯೊಂದು ಹೊರಬಿತ್ತು: ರೋಗವಿಲ್ಲದ ಯಕೃತ್ತನ್ನೋ ಎತ್ತಿನ ಹೃದಯವನ್ನೋ ಬಳಸಿದರೂ ಪರೀಕ್ಷೆ ಹಾಗೆಯೇ ಫಲಿಸುತ್ತಿತ್ತು. ಅಂದರೆ ಅದು ಹಿಡಿಯುತ್ತಿದ್ದುದು ರೋಗಾಣುವಿನ ಪ್ರತಿಕಾಯವನ್ನಲ್ಲ. ಹೃದಯದಲ್ಲಿ ಧಾರಾಳವಾಗಿರುವ ಒಂದು ಮೇದಸ್ಸಿನ ವಿರುದ್ಧ, ಈ ರೋಗದ ಗೊಂದಲದಲ್ಲಿ ದೇಹವು ಹುಟ್ಟಿಸುವ ಪ್ರತಿಕಾಯವನ್ನು. ತಪ್ಪು ಕಾರಣಕ್ಕೆ ಸರಿಯಾದ ಉತ್ತರ ಕೊಡುವ ಈ ಪರೀಕ್ಷೆ ಸುಧಾರಿಸುತ್ತ ಬಂದು ಇಂದು ವಿ.ಡಿ.ಆರ್.ಎಲ್. ಎಂಬ ನಾಲ್ಕಕ್ಷರವಾಗಿ ಗರ್ಭಿಣಿಯರ ರಕ್ತಪರೀಕ್ಷೆಯ ಚೀಟಿಗಳಲ್ಲಿ ನಿಂತಿದೆ. ಮಲೇರಿಯ, ಕುಷ್ಠ, ಕೆಲವೊಮ್ಮೆ ಬರಿಯ ಗರ್ಭಧಾರಣೆಯಿಂದಲೂ ಅದು ಹುಸಿಯಾಗಿ ಧನಾತ್ಮಕವಾಗಬಹುದು, ಆದಕಾರಣ ಟಿ.ಪಿ.ಎಚ್.ಎ. ಮುಂತಾದ, ರೋಗಾಣುವಿನ ವಿರುದ್ಧವೇ ಹುಟ್ಟಿದ ಪ್ರತಿಕಾಯವನ್ನು ಗುರುತಿಸುವ ಮತ್ತೊಂದು ಪರೀಕ್ಷೆಯಿಂದ ದೃಢಪಡಿಸಿಕೊಳ್ಳದೆ ಯಾರ ಸಂಸಾರದ ಮೇಲೂ ತೀರ್ಪು ಕೊಡಬಾರದು. ಸೋಂಕಾದ ಮೊದಲ ವಾರಗಳಲ್ಲಿ ಪ್ರತಿಕಾಯ ಇನ್ನೂ ಹುಟ್ಟದಿರುವುದರಿಂದ ಪರೀಕ್ಷೆಯು ರೋಗವಿಲ್ಲವೆಂದು ಹೇಳುವುದೂ ಉಂಟು.

ಲಕ್ಷಣವಿಲ್ಲದೆ ಇರುವುದು ಸಿಫಿಲಿಸ್ ಒಂದರ ಗುಣವಲ್ಲ. 2020ರಲ್ಲಿ ಸಿಫಿಲಿಸ್, ಗೊನೋರಿಯಾ, ಕ್ಲಮೈಡಿಯ, ಟ್ರೈಕೊಮೊನಿಯಾಸಿಸ್ ಎಂಬ ನಾಲ್ಕು ವಾಸಿಯಾಗಬಲ್ಲ ಸೋಂಕುಗಳು ಜಗತ್ತಿನಲ್ಲಿ ಹೊಸದಾಗಿ ತಗುಲಿದುದು ಸುಮಾರು 37 ಕೋಟಿ 40 ಲಕ್ಷ ಬಾರಿಯೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಇವುಗಳಲ್ಲಿ ಹೆಚ್ಚಿನವು ಲಕ್ಷಣರಹಿತ. ಗೊನೋರಿಯಾ ಪುರುಷನಿಗೆ ಉರಿಯನ್ನು ಕೊಟ್ಟು ಎಚ್ಚರಿಸಿದರೆ, ಸ್ತ್ರೀಯನ್ನು ಬಹುಬಾರಿ ಎಚ್ಚರಿಸುವುದೇ ಇಲ್ಲ. ಕ್ಲಮೈಡಿಯ ಇಬ್ಬರಿಗೂ ಹೆಚ್ಚಾಗಿ ಏನನ್ನೂ ತಿಳಿಸುವುದಿಲ್ಲ. ಎರಡೂ ಗರ್ಭಕಂಠದಿಂದ ಮೇಲೇರಿ ಅಂಡನಾಳಗಳಲ್ಲಿ ಉರಿಯೂತವನ್ನುಂಟುಮಾಡಿ, ನಾಳಗಳು ಅಂಟಿಕೊಂಡು ಬಂಜೆತನಕ್ಕೋ ಗರ್ಭಕೋಶದ ಹೊರಗೆ ಗರ್ಭ ನಿಲ್ಲುವುದಕ್ಕೋ ಕಾರಣವಾಗುತ್ತವೆ. ನಮ್ಮಲ್ಲಿ ಬಿಳಿಸೆರಗೆಂದು ಹೆಂಗಸರು ನುಂಗಿಕೊಂಡು ಸುಮ್ಮನಿರುವ ಸ್ರಾವಗಳಲ್ಲಿ ಹಲವು ಸಹಜವಾದುವು. ಆದರೆ ಬಣ್ಣ ತಿರುಗಿ, ನಾತ ಬಂದು, ತುರಿಕೆಯೋ ಕಿಬ್ಬೊಟ್ಟೆಯ ನೋವೋ ಜತೆಗೂಡಿದರೆ ಅದು ಸಹಜವಲ್ಲ. ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ಪ್ಯಾಪಿಲೋಮಾ ವೈರಸ್ಸನ್ನು ಹೆರಾಲ್ಡ್ ಟ್ಸುರ್ ಹೌಸನ್ 1983ರಲ್ಲಿ ಗುರುತಿಸಿದನು. ಸೋಂಕಿಗೂ ಕ್ಯಾನ್ಸರಿಗೂ ನಡುವೆ ಹಲವು ಮೌನ ವರ್ಷಗಳಿರುತ್ತವೆ, ಮತ್ತು ಅದಕ್ಕೆ ಈಗ ಲಸಿಕೆಯುಂಟು. ಎಚ್.ಐ.ವಿ. ಎಂಟು ಹತ್ತು ವರ್ಷ ಸುಮ್ಮನಿರಬಲ್ಲುದು. 1986ರಲ್ಲಿ ಭಾರತದಲ್ಲಿ ಅದು ಮೊದಲು ಪತ್ತೆಯಾದುದು ಕೂಡ ರೋಗಿಗಳ ನರಳಾಟದಿಂದಲ್ಲ: ಮದರಾಸು ಮೆಡಿಕಲ್ ಕಾಲೇಜಿನ ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ನಿರ್ಮಲಾ ಎಂಬ ವಿದ್ಯಾರ್ಥಿನಿ, ಆ ರೋಗ ನಮ್ಮ ದೇಶಕ್ಕೆ ಬರುವುದೇ ಇಲ್ಲವೆಂದು ದೊಡ್ಡವರು ಹೇಳುತ್ತಿದ್ದಾಗ, ರಕ್ತಗಳನ್ನು ಸಂಗ್ರಹಿಸಿ ವೆಲ್ಲೂರಿಗೆ ಒಯ್ದು ಪರೀಕ್ಷಿಸಿದುದರಿಂದ.

ಟ್ರೆಪೊನಿಮಾ ದೇಹದ ಹೊರಗೆ ಬಹಳ ಬೇಗ ಸಾಯುತ್ತದೆ. ಒಣಗಿದರೆ ಸಾಯುತ್ತದೆ, ಸೋಪಿನ ನೀರಿಗೂ ಸಾಯುತ್ತದೆ. ಆದ್ದರಿಂದ ಶೌಚಾಲಯದ ಆಸನ, ಬಟ್ಟೆ, ಊಟದ ತಟ್ಟೆ, ಕೆರೆಯ ನೀರುಗಳಿಂದ ಅದು ಬರುವುದಿಲ್ಲ. ಹುಣ್ಣಿನ ನೇರ ಸ್ಪರ್ಶದಿಂದ, ತೇವವಾದ ಒಳಪೊರೆಯ ಸೂಕ್ಷ್ಮ ಬಿರುಕುಗಳ ಮೂಲಕ ಬರುತ್ತದೆ. ನಿರೋಧ್ ಮುಚ್ಚುವ ಭಾಗದಲ್ಲಿ ಹುಣ್ಣಿದ್ದರೆ ಅದು ರಕ್ಷಿಸುತ್ತದೆ, ಹೊರಗಿದ್ದರೆ ರಕ್ಷಣೆ ಅಪೂರ್ಣ. ಇದೇ ಜಾತಿಯ ಜೀವಿಯ ಒಂದು ಉಪಜಾತಿ ಯಾಸ್ ಎಂಬ ಚರ್ಮರೋಗವನ್ನು ತರುತ್ತದೆ. ಬಡ ಹಳ್ಳಿಗಳ ಮಕ್ಕಳಲ್ಲಿ ಮೈಗೆ ಮೈ ತಾಗಿ ಹರಡುವ ಅದಕ್ಕೂ ಲೈಂಗಿಕತೆಗೂ ಸಂಬಂಧವಿಲ್ಲ. ಒರಿಸ್ಸಾದ ಕೊರಾಪುಟ್ ಜಿಲ್ಲೆಯಿಂದ 1996ರಲ್ಲಿ ಆರಂಭಿಸಿ, ಬುಡಕಟ್ಟಿನವರ ಮನೆಮನೆಯನ್ನೂ ಹುಡುಕಿ, ಒಂದೊಂದು ಪೆನಿಸಿಲಿನ್ ಚುಚ್ಚುಮದ್ದು ಕೊಟ್ಟು, ಭಾರತ ಅದನ್ನು ನಿರ್ಮೂಲ ಮಾಡಿತು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಪ್ರಮಾಣಪತ್ರ ಕೊಟ್ಟಿತು. ಹೆಚ್ಚುಕಡಿಮೆ ಅದೇ ರೋಗಾಣು, ಅದೇ ಮದ್ದು, ಅದೇ ಸೂಜಿ. ಬೆನ್ನ ಮೇಲಿನ ಹುಣ್ಣನ್ನು ತಾಯಿಯು ಅಂಗಳದಲ್ಲಿ ನಿಂತು ತೋರಿಸುತ್ತಾಳೆ. ಈ ಹುಣ್ಣನ್ನು ತೋರಿಸುವವರಿಲ್ಲ.

ಮದ್ದಿನ ವಿಷಯ ದೀರ್ಘವಾಗಿ ಹೇಳಬೇಕಾದುದಿಲ್ಲ. 1909ರಲ್ಲಿ ಪಾಲ್ ಎರ್ಲಿಕ್‌ನ ಪ್ರಯೋಗಶಾಲೆಯಲ್ಲಿ ಸಹಾಚಿರೊ ಹಾಟಾ 606ನೆಯ ಸಂಯುಕ್ತವು ಮೊಲಗಳ ಹುಣ್ಣನ್ನು ಗುಣಪಡಿಸುವುದನ್ನು ಕಂಡನು. ಸಾಲ್ವರ್ಸಾನ್ ಎಂಬ ಆ ಪಾಷಾಣದ ಔಷಧ ಮೂರು ದಶಕ ಆಳಿತು. 1943ರಲ್ಲಿ ಜಾನ್ ಮಹೋನಿ ನಾಲ್ವರು ರೋಗಿಗಳಿಗೆ ಪೆನಿಸಿಲಿನ್ ಕೊಟ್ಟಂದಿನಿಂದ ಅದರ ಕಾಲ ಮುಗಿಯಿತು. ಗೊನೋರಿಯಾದ ರೋಗಾಣು ಸಲ್ಫಾ, ಪೆನಿಸಿಲಿನ್, ಮುಂದಿನ ಔಷಧಗಳನ್ನೆಲ್ಲ ಒಂದೊಂದಾಗಿ ಸೋಲಿಸುತ್ತ ಬಂದಿದ್ದರೂ ಟ್ರೆಪೊನಿಮಾ ಪೆನಿಸಿಲಿನ್ನಿಗೆ ಇಂದಿಗೂ ಸೋಲುತ್ತದೆ. ಮೊದಲ ಘಟ್ಟಗಳಲ್ಲಾದರೆ 24 ಲಕ್ಷ ಯೂನಿಟ್‌ಗಳ ಬೆಂಜಥೀನ್ ಪೆನಿಸಿಲಿನ್ ಒಂದೇ ಬಾರಿ, ಹಳೆಯದಾದರೆ ವಾರಕ್ಕೊಮ್ಮೆಯಂತೆ ಮೂರು ಬಾರಿ. ನರಮಂಡಲಕ್ಕೆ ತಗುಲಿದ್ದರೆ ಚಿಕಿತ್ಸೆ ಬೇರೆ. ಆದರೆ ಅಳಿದ ನರವೂ ಹರಿದ ಧಮನಿಯೂ ಮರಳಿ ಬರುವುದಿಲ್ಲ. ಚುಚ್ಚುಮದ್ದು ಕೊಟ್ಟ ದಿನವೇ ಚಳಿಜ್ವರ ಬಂದು ಗಂಧೆ ಕೆರಳುವುದುಂಟು. ಸಾಯುವ ರೋಗಾಣುಗಳಿಂದ ಹಾಗಾಗುವುದು, ಒಂದು ದಿನದಲ್ಲಿ ಇಳಿಯುತ್ತದೆ. ಅದನ್ನು ಔಷಧದ ದೋಷವೆಂದು ಭಾವಿಸಿ ಮುಂದಿನ ಚುಚ್ಚುಮದ್ದಿಗೆ ಬಾರದೆ ಹೋಗುವವರೂ ಇದ್ದಾರೆ.

ನಮ್ಮ ಜಿಲ್ಲಾಸ್ಪತ್ರೆಗಳಲ್ಲಿಯೂ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿಯೂ ಸುರಕ್ಷಾ ಕ್ಲಿನಿಕ್ ಎಂಬ ಕೊಠಡಿಯೊಂದಿರುತ್ತದೆ. ಸ್ರಾವವಿದ್ದವರಿಗೆ, ಹುಣ್ಣಿದ್ದವರಿಗೆ, ಕಿಬ್ಬೊಟ್ಟೆಯ ನೋವಿದ್ದವರಿಗೆ ಬೂದು, ಹಸಿರು, ಬಿಳಿ, ಹಳದಿ ಮೊದಲಾದ ಬಣ್ಣಗಳ ಔಷಧದ ಪೊಟ್ಟಣಗಳನ್ನು ಅಲ್ಲಿ ಉಚಿತವಾಗಿ ಕೊಡುತ್ತಾರೆ. ಪ್ರಯೋಗಶಾಲೆಯ ವರದಿಗೆ ಕಾಯದೆ, ಲಕ್ಷಣದ ಗುಂಪನ್ನು ನೋಡಿ ಆ ಗುಂಪಿಗೆ ಸೇರಬಹುದಾದ ಎಲ್ಲ ರೋಗಾಣುಗಳಿಗೂ ಒಟ್ಟಿಗೆ ಮದ್ದು ಕೊಡುವ ಈ ಕ್ರಮವು, ಒಮ್ಮೆ ಬಂದವರು ಮತ್ತೊಮ್ಮೆ ಬರುವರೆಂಬ ಭರವಸೆಯಿಲ್ಲದ ದೇಶಕ್ಕೆ ವಿವೇಕವುಳ್ಳದ್ದು. ಅದರ ಮಿತಿಯೆಂದರೆ ಲಕ್ಷಣವೇ ಇಲ್ಲದವರು ಅದರ ಬಲೆಗೆ ಬೀಳುವುದಿಲ್ಲ. ಅವರಿಗೆ ರಕ್ತಪರೀಕ್ಷೆಯೊಂದೇ ದಾರಿ. ಚಿಕಿತ್ಸೆಯಾದ ಮೇಲೆ ಟಿ.ಪಿ.ಎಚ್.ಎ. ಸಾಮಾನ್ಯವಾಗಿ ಜೀವಮಾನವಿಡೀ ಧನಾತ್ಮಕವಾಗಿಯೇ ಉಳಿಯುತ್ತದೆ, ಅದಕ್ಕೆ ಹೆದರಬೇಕಾದುದಿಲ್ಲ, ವಿ.ಡಿ.ಆರ್.ಎಲ್. ಅಂಕ ಮಾತ್ರ ಆರರಿಂದ ಹನ್ನೆರಡು ತಿಂಗಳೊಳಗೆ ನಾಲ್ಕನೆಯ ಒಂದು ಪಾಲಿಗೆ ಇಳಿಯಬೇಕು. ಇಳಿಯದಿದ್ದರೆ, ಅಥವಾ ಇಳಿದು ಮತ್ತೆ ಏರಿದರೆ, ವೈದ್ಯನು ಕೇಳುವ ಮೊದಲ ಪ್ರಶ್ನೆ ಮನೆಯಲ್ಲಿರುವ ಇನ್ನೊಬ್ಬರಿಗೆ ಚುಚ್ಚುಮದ್ದು ಹಾಕಿಸಿದಿರಾ ಎಂಬುದು.